ರೋಮ್‌ನ ಅವಶೇಷಗಳನ್ನು ಓದುವುದು ಹೇಗೆ? ಮುಸ್ಸೊಲಿನಿ ಅಗೆದಿದ್ದು, ಅಗೆಯುವಾಗ ಅಳಿಸಿದ್ದು

ರೋಮ್ ಅಂದ ತಕ್ಷಣ ನಿಮ್ಮ ಕಣ್ಮುಂದೆ ಬರುವ ಚಿತ್ರ ಯಾವುದು? ಬಹಳಷ್ಟು ಜನರಿಗೆ ಅದು ಒಂದೇ: ಅಗಲವಾದ ನೇರ ರಸ್ತೆ, ಎರಡೂ ಕಡೆ ಮುರಿದ ಕಂಬಗಳು, ತುದಿಯಲ್ಲಿ ಕೊಲೋಸಿಯಮ್. ಇನ್‌ಸ್ಟಾಗ್ರಾಮ್ ರೀಲ್ ಇರಲಿ, ಟೂರಿಸಂ ಜಾಹೀರಾತು ಇರಲಿ, ಎಲ್ಲದರಲ್ಲೂ ಇದೇ ಫ್ರೇಮು. ಎರಡು ಸಾವಿರ ವರ್ಷಗಳಿಂದ ಹೀಗೇ ಇದೆಯೇನೋ ಅನ್ನಿಸಿಬಿಡುತ್ತದೆ. ಆದರೆ ಆ ರಸ್ತೆಯ ಉದ್ಘಾಟನೆ ಆಗಿದ್ದು 1932ರ ಅಕ್ಟೋಬರ್ 28ರಂದು. ಉದ್ಘಾಟಿಸಿದ್ದು ಬೆನಿಟೊ ಮುಸ್ಸೊಲಿನಿ. ಅದಕ್ಕೂ ಮೊದಲು ಅಲ್ಲೊಂದು ಗುಡ್ಡ ಇತ್ತು, ಇಡೀ ಒಂದು ಬಡಾವಣೆ ಇತ್ತು, ಸಾವಿರಾರು ಜನ ಬದುಕುತ್ತಿದ್ದರು.

ನಾನು ಇಲ್ಲಿ ಹೇಳಲು ಹೊರಟಿರುವುದು ಇಷ್ಟೇ: ರೋಮ್ ನಗರದ ನಡುವೆ ಇವತ್ತು ಕಾಣುವ ‘ಪ್ರಾಚೀನತೆ’ಯ ದೊಡ್ಡ ಭಾಗ 1922ರಿಂದ 1943ರವರೆಗಿನ ಫ್ಯಾಸಿಸ್ಟ್ ಆಡಳಿತ ಆಯ್ದು, ಕತ್ತರಿಸಿ, ಜೋಡಿಸಿ ಇಟ್ಟಿದ್ದು. ಕಲ್ಲುಗಳು ಅಸಲಿ. ಆದರೆ ಯಾವ ಕಲ್ಲು ಉಳಿಯಬೇಕು, ಯಾವುದು ಲಾರಿ ಹತ್ತಬೇಕು ಅಂತ ತೀರ್ಮಾನಿಸಿದ್ದು ಒಂದು ಸರ್ವಾಧಿಕಾರ. ಇತಿಹಾಸವನ್ನು ರಾಜಕೀಯಕ್ಕೆ ಬಳಸುವುದು ಹೇಗೆ ಎನ್ನುವುದಕ್ಕೆ ಪುಸ್ತಕದಲ್ಲಲ್ಲ, ನೆಲದ ಮೇಲೇ ಸಿಗುವ ಅತ್ಯಂತ ಸ್ಪಷ್ಟ ಉದಾಹರಣೆ ಇದು. ಹಾಗಾಗಿ ಒಂದೊಂದೇ ಜಾಗ ನೋಡುತ್ತಾ ಹೋಗೋಣ.

ರೋಮ್ ನೆಲದೊಳಗೆ ಹೋಗಿದ್ದು ಹೇಗೆ?

ಸಾಮ್ರಾಜ್ಯದ ಉತ್ತುಂಗದಲ್ಲಿ ರೋಮ್ ನಗರದ ಜನಸಂಖ್ಯೆ ಸುಮಾರು 10 ಲಕ್ಷ ಇತ್ತು ಎಂಬುದು ಇತಿಹಾಸಕಾರರ ಅಂದಾಜು. ಮಧ್ಯಯುಗದಲ್ಲಿ ಅದು ಕೆಲವೇ ಹತ್ತು ಸಾವಿರಗಳಿಗೆ ಇಳಿಯಿತು. ಟೈಬರ್ ನದಿಯ ಪ್ರವಾಹ ತಂದ ಮಣ್ಣು, ಕುಸಿದ ಕಟ್ಟಡಗಳ ಅವಶೇಷ, ಜನ ಎಸೆದ ಕಸ ಎಲ್ಲ ಸೇರಿ ನೆಲದ ಮಟ್ಟ ಎಷ್ಟೋ ಮೀಟರ್ ಮೇಲೇರಿತು. ಸೆನೆಟ್ ಸೇರುತ್ತಿದ್ದ ರೋಮನ್ ಫೋರಮ್‌ನಲ್ಲಿ ದನ ಮೇಯುತ್ತಿದ್ದವು. ಅದಕ್ಕೆ ‘ಕಾಂಪೊ ವಚ್ಚೀನೊ’, ಅಂದರೆ ದನದ ಬಯಲು ಅನ್ನೋ ಹೆಸರೇ ಬಿದ್ದಿತ್ತು.

ಜನ ಹಳೆಯ ಕಟ್ಟಡಗಳನ್ನು ಕೆಡವಿದರು, ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡಿಕೊಂಡರು. ಹಾಗೆಯೇ ಅವುಗಳ ಒಳಗೆ ವಾಸ ಮಾಡುತ್ತಾ ಉಳಿಸಿಕೊಂಡದ್ದೂ ಅವರೇ. ಪ್ಯಾಂಥಿಯನ್ ಇವತ್ತಿಗೂ ಗಟ್ಟಿಯಾಗಿ ನಿಂತಿದ್ದರೆ, ಕ್ರಿ.ಶ. 609ರಲ್ಲಿ ಅದು ಚರ್ಚ್ ಆಗಿದ್ದು ದೊಡ್ಡ ಕಾರಣ. ಮಾರ್ಸೆಲಸ್ ರಂಗಮಂದಿರ ಕೋಟೆಯಾಯಿತು, ಆಮೇಲೆ ಅರಮನೆಯಾಯಿತು. ಹೀಗೆ ರೋಮ್‌ನಲ್ಲಿ ಪ್ರಾಚೀನ, ಮಧ್ಯಯುಗದ, ಆಧುನಿಕ ಅನ್ನುವುದು ಬೇರೆ ಬೇರೆ ಜಾಗಗಳಲ್ಲಿ ಇರಲಿಲ್ಲ. ಒಂದರ ಮೇಲೊಂದು, ಒಂದರ ಒಳಗೊಂದು ಇತ್ತು.

1870ರಲ್ಲಿ ರೋಮ್ ಇಟಲಿ ರಾಜ್ಯಕ್ಕೆ ಸೇರಿತು. ಮರುವರ್ಷ ರಾಜಧಾನಿಯಾಯಿತು. ಆಗಿನಿಂದಲೇ ಅಗೆತ ಜೋರಾಯಿತು. 1898ರಲ್ಲಿ ಫೋರಮ್‌ನ ಉತ್ಖನನ ಕೈಗೆತ್ತಿಕೊಂಡ ಜಾಕೊಮೊ ಬೋನಿ ಪದರ ಪದರವಾಗಿ ಅಗೆದು ದಾಖಲಿಸುವ ವಿಧಾನ ಬಳಸಿದ್ದರು. ಅಂದರೆ ಜಾಗ್ರತೆಯಿಂದ ಅಗೆಯುವುದು ಹೇಗೆ ಅಂತ ಫ್ಯಾಸಿಸ್ಟರು ಬರುವ ಹೊತ್ತಿಗೆ ಇಟಲಿಯವರಿಗೆ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೇ ಡೇ ರದ್ದು, ರೋಮ್ ಹುಟ್ಟುಹಬ್ಬ ಶುರು

ಫ್ಯಾಸಿಸಂ ಎಂಬ ಹೆಸರಿನ ಬೇರಾದ ‘ಫಾಶೊ’ ಅಂದರೆ ಕಟ್ಟು, ಕಂತೆ. ಆಂದೋಲನ ತನ್ನ ಲಾಂಛನಕ್ಕೆ ತೆಗೆದುಕೊಂಡಿದ್ದು ಪ್ರಾಚೀನ ರೋಮನ್ ಅಧಿಕಾರಿಗಳ ಮುಂದೆ ಸೇವಕರು ಹಿಡಿದು ನಡೆಯುತ್ತಿದ್ದ, ಕೊಡಲಿ ಸಿಕ್ಕಿಸಿದ ಕೋಲುಗಳ ಕಟ್ಟನ್ನು. ಹೊಡೆಯುವ, ತಲೆ ಕಡಿಯುವ ಅಧಿಕಾರದ ಗುರುತು ಅದು. ಮುಸ್ಸೊಲಿನಿ ಅಧಿಕಾರಕ್ಕೆ ಬಂದ ಮರುವರ್ಷ, 1923ರಲ್ಲಿ, ಮೇ 1ರ ಕಾರ್ಮಿಕರ ದಿನಾಚರಣೆಯನ್ನು ರದ್ದು ಮಾಡಿ ಏಪ್ರಿಲ್ 21ಕ್ಕೆ ವರ್ಗಾಯಿಸಲಾಯಿತು. ಏಪ್ರಿಲ್ 21 ಯಾಕೆ? ಐತಿಹ್ಯದ ಪ್ರಕಾರ ರೋಮ್ ನಗರ ಹುಟ್ಟಿದ ದಿನ ಅದು. ಕಾರ್ಮಿಕ ಹೋರಾಟದ ನೆನಪಿನ ಜಾಗದಲ್ಲಿ ಸಾಮ್ರಾಜ್ಯದ ನೆನಪನ್ನು ಕೂರಿಸಿದ್ದು ಹೀಗೆ.

1925ರ ಡಿಸೆಂಬರ್ 31ರಂದು ಮುಸ್ಸೊಲಿನಿ ಒಂದು ಭಾಷಣ ಮಾಡಿದ. ಐದು ವರ್ಷದೊಳಗೆ ರೋಮ್ ಅಗಸ್ಟಸ್ ಕಾಲದಂತೆ ಜಗತ್ತಿಗೆ ಅದ್ಭುತವಾಗಿ ಕಾಣಬೇಕು, ಅವನತಿಯ ಶತಮಾನಗಳಲ್ಲಿ ಮಹಾ ಸ್ಮಾರಕಗಳ ಸುತ್ತ ಬೆಳೆದಿದ್ದನ್ನೆಲ್ಲ ತೆಗೆದುಹಾಕಬೇಕು ಅನ್ನುವುದು ಅದರ ಸಾರ. ‘ಅವನತಿಯ ಶತಮಾನಗಳು’ ಎಂಬ ಆ ಮಾತಿನ ಮೇಲೆ ಸ್ವಲ್ಪ ನಿಲ್ಲಿ. ಸುಮಾರು ಸಾವಿರದ ಐನೂರು ವರ್ಷಗಳ ಬದುಕನ್ನು ಒಂದೇ ಮಾತಿನಲ್ಲಿ ಕಸ ಅಂತ ಘೋಷಿಸಿದ ಹಾಗಾಯಿತು. ಒಂದು ಸುವರ್ಣಯುಗ, ಆಮೇಲೆ ದೀರ್ಘ ಕತ್ತಲು, ಈಗ ನಾಯಕನ ಕೈಯಲ್ಲಿ ಪುನರುತ್ಥಾನ: ಈ ಮೂರು ಹಂತದ ಕಥೆ ಒಪ್ಪಿಕೊಂಡರೆ ನಡುವಿನದನ್ನು ಒಡೆಯುವುದು ತಪ್ಪು ಅನ್ನಿಸುವುದೇ ಇಲ್ಲ. ಅದು ಸ್ವಚ್ಛತಾ ಕಾರ್ಯದಂತೆ ಕಾಣುತ್ತದೆ.

ಸಾಮ್ರಾಜ್ಯದ ರಸ್ತೆ

ಈಗ ಆ ಪ್ರಸಿದ್ಧ ರಸ್ತೆಗೆ ಬರೋಣ. ಇವತ್ತಿನ ಹೆಸರು ವಿಯಾ ದೇಯಿ ಫೋರಿ ಇಂಪೆರಿಯಾಲಿ. ಮುಸ್ಸೊಲಿನಿ ಇಟ್ಟ ಹೆಸರು ವಿಯಾ ದೆಲ್ ಇಂಪೆರೊ, ಅಂದರೆ ಸಾಮ್ರಾಜ್ಯದ ರಸ್ತೆ. ಅವನ ಕಚೇರಿ ಮತ್ತು ಅವನು ಭಾಷಣ ಮಾಡುತ್ತಿದ್ದ ಬಾಲ್ಕನಿ ಇದ್ದ ಪಿಯಾತ್ಸಾ ವೆನೇತ್ಸಿಯಾ ಚೌಕದಿಂದ ಕೊಲೋಸಿಯಮ್‌ವರೆಗೆ ನೇರ ಗೆರೆ ಎಳೆದ ಹಾಗೆ ಇದೆ ಇದು.

ಇದರ ಅಡಿಯಲ್ಲಿ ಇರುವುದು ಸಾಮ್ರಾಟರ ಫೋರಮ್‌ಗಳು. ಫೋರಮ್ ಅಂದರೆ ಕಂಬಸಾಲುಗಳಿಂದ ಸುತ್ತುವರಿದ ದೊಡ್ಡ ಸಾರ್ವಜನಿಕ ಚೌಕ. ನ್ಯಾಯ, ವ್ಯವಹಾರ, ಪೂಜೆ ಎಲ್ಲ ನಡೆಯುತ್ತಿದ್ದ ಜಾಗ. ಜೂಲಿಯಸ್ ಸೀಸರ್ ಕ್ರಿ.ಪೂ. 46ರಲ್ಲಿ ತನ್ನದನ್ನು ಉದ್ಘಾಟಿಸಿದ. ಅಗಸ್ಟಸ್ ಕ್ರಿ.ಪೂ. 2ರಲ್ಲಿ, ವೆಸ್ಪಾಸಿಯನ್ ಕ್ರಿ.ಶ. 75ರಲ್ಲಿ, ನರ್ವಾ 97ರಲ್ಲಿ, ಟ್ರಾಜನ್ 112ರಲ್ಲಿ ಒಂದರ ಪಕ್ಕ ಒಂದು ಸೇರಿಸುತ್ತಾ ಹೋದರು. ಇವುಗಳ ಮೇಲೆ 16ನೇ ಶತಮಾನದಲ್ಲಿ ಅಲೆಸ್ಸಾಂಡ್ರೀನೊ ಎಂಬ ಬಡಾವಣೆ ಎದ್ದಿತು. ಮನೆ, ಅಂಗಡಿ, ಚರ್ಚು, ಕಾನ್ವೆಂಟು, ಕಿರಿದಾದ ಬೀದಿ. ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು, ಕೂಲಿಕಾರರು ಮುನ್ನೂರಕ್ಕೂ ಹೆಚ್ಚು ವರ್ಷ ಬದುಕಿದ ಊರೊಳಗಿನ ಊರು ಅದು.

ಅಗೆಯುವ ಯೋಚನೆ ಮುಸ್ಸೊಲಿನಿಯದ್ದೇ ಅಲ್ಲ. ಕಲಾ ಇತಿಹಾಸಕಾರ ಕೊರಾಡೊ ರಿಚ್ಚಿ 1911ರಲ್ಲೇ ಫೋರಮ್‌ಗಳನ್ನು ಹೊರತೆಗೆಯುವ ಯೋಜನೆ ಮುಂದಿಟ್ಟಿದ್ದರು. 1924ರಿಂದ ಅವರೇ ಉತ್ಖನನದ ಮುಂದಾಳಾದರು. ಆದರೆ ಅಗೆತವೇ ಒಂದು ಕೆಲಸ, ಅದರ ಮೇಲೆ ಮೆರವಣಿಗೆಯ ರಸ್ತೆ ಹಾಕುವುದೇ ಬೇರೆ. 1931–32ರಲ್ಲಿ ಎಲ್ಲವೂ ರಸ್ತೆಗಾಗಿ ಓಡತೊಡಗಿತು. ಮುಸ್ಸೊಲಿನಿ ಅಧಿಕಾರಕ್ಕೆ ಬರಲು ದಾರಿಯಾದ ‘ರೋಮ್ ಚಲೋ’ ಮೆರವಣಿಗೆಯ ಹತ್ತನೇ ವಾರ್ಷಿಕೋತ್ಸವಕ್ಕೆ ರಸ್ತೆ ಸಿದ್ಧವಾಗಲೇಬೇಕಿತ್ತು. ದಾರಿಗೆ ಅಡ್ಡ ಇದ್ದ ವೆಲಿಯಾ ಗುಡ್ಡವನ್ನೇ ಕಡಿದು ಹಾಕಿದರು. ಅದರೊಳಗೆ ರೋಮನ್ ಮನೆಗಳಿದ್ದವು. ಇತಿಹಾಸಪೂರ್ವ ಆನೆಯೊಂದರ ಪಳೆಯುಳಿಕೆಯೂ ಸಿಕ್ಕಿತು. ನಿಂತು ನೋಡುವಷ್ಟು, ದಾಖಲಿಸುವಷ್ಟು ಸಮಯ ಯಾರಿಗೂ ಇರಲಿಲ್ಲ. ಬೋನಿ ತೋರಿಸಿಕೊಟ್ಟಿದ್ದ ಪದರ ಪದರದ ವಿಧಾನ ಪಕ್ಕಕ್ಕೆ ಹೋಯಿತು. ಮಧ್ಯಯುಗದ, ನವೋದಯ ಕಾಲದ ಪದರಗಳನ್ನು ಮಣ್ಣಿನಂತೆ ತೋಡಿ ಸಾಗಿಸಿದರು.

ವಿಪರ್ಯಾಸ ಏನು ಗೊತ್ತಾ? ಫೋರಮ್‌ಗಳನ್ನು ‘ಬಿಡುಗಡೆ’ ಮಾಡುವ ಹೆಸರಲ್ಲಿ ಬಡಾವಣೆ ಒಡೆದರು. ಕೊನೆಗೆ ಅಗೆದು ತೆರೆದ ಜಾಗದ ಬಹುಪಾಲನ್ನು ಆ ರಸ್ತೆ ಮತ್ತು ಅದರ ಅಂಚಿನ ಹುಲ್ಲುಹಾಸುಗಳ ಅಡಿಯಲ್ಲೇ ಮತ್ತೆ ಮುಚ್ಚಿದರು. ಟ್ಯಾಂಕ್, ಕುದುರೆ, ಸೈನಿಕರ ಸಾಲು ಹಾದುಹೋಗುವಾಗ ಹಿನ್ನೆಲೆಯಲ್ಲಿ ಎಷ್ಟು ಕಂಬ ಕಾಣಬೇಕೋ ಅಷ್ಟು ಕಂಡರೆ ಸಾಕಿತ್ತು.

ಜನ ಎಲ್ಲಿಗೆ ಹೋದರು?

ಈ ಪ್ರಶ್ನೆ ಪ್ರವಾಸಿ ಕೈಪಿಡಿಗಳಲ್ಲಿ ಇರುವುದಿಲ್ಲ. ಒಕ್ಕಲೆಬ್ಬಿಸಿದ ಕುಟುಂಬಗಳಲ್ಲಿ ಬಹಳಷ್ಟು ಬಡ ಕುಟುಂಬಗಳು ಹೋಗಿ ಸೇರಿದ್ದು ‘ಬೊರ್ಗಾತಾ’ ಎಂದು ಕರೆಯಲಾದ ಹೊರವಲಯದ ವಸತಿಗಳಿಗೆ. ಗೊರ್ದಿಯಾನಿ, ಪ್ರಿಮಾವಾಲೆ, ಸಾನ್ ಬಾಸಿಲಿಯೊ, ಪಿಯೆತ್ರಲಾತಾ, ಕ್ವಾರ್ತಿಚ್ಚೋಲೊ: ಇವೆಲ್ಲ ಆ ಕಾಲದಲ್ಲಿ ನಗರದಿಂದ ಕಿಲೋಮೀಟರ್‌ಗಟ್ಟಲೆ ದೂರ, ಹೊಲಗಳ ನಡುವೆ ಎದ್ದವು. ಮೊದಮೊದಲ ಮನೆಗಳಲ್ಲಿ ಎಷ್ಟೋ ಕಡೆ ಪ್ರತ್ಯೇಕ ಶೌಚಾಲಯವಿಲ್ಲ, ನೀರಿನ ನಲ್ಲಿ ಬೀದಿಗೆ ಒಂದು. ಪೇಟೆಯಲ್ಲಿ ಕೆಲಸ, ಬಸ್ಸು ಅಪರೂಪ.

ಹಾಗಂತ ಹಳೆಯ ಬಡಾವಣೆ ಸ್ವರ್ಗವಾಗಿರಲಿಲ್ಲ. ಕಿಕ್ಕಿರಿದ ಕೋಣೆಗಳು, ರೋಗರುಜಿನ ಅಲ್ಲೂ ಇದ್ದವು. ಆಡಳಿತ ಕೊಟ್ಟ ಕಾರಣಗಳಲ್ಲಿ ನೈರ್ಮಲ್ಯವೂ ಒಂದು. ಆದರೆ ನೈರ್ಮಲ್ಯವೇ ಉದ್ದೇಶವಾಗಿದ್ದರೆ ಅದೇ ಜಾಗದಲ್ಲಿ ಮನೆ ದುರಸ್ತಿ ಮಾಡಿಕೊಡಬಹುದಿತ್ತು. ನಗರದ ಹೃದಯದಿಂದ ದುಡಿಯುವ ವರ್ಗವನ್ನೇ ಎತ್ತಿ ಹೊರಗಿಡುವ ಅಗತ್ಯವಿರಲಿಲ್ಲ. ಇದೇ ಬೊರ್ಗಾತೆಗಳು 1943–44ರ ನಾಜಿ ಆಕ್ರಮಣದ ಕಾಲದಲ್ಲಿ ಪ್ರತಿರೋಧದ ನೆಲೆಗಳಾದವು. ಯುದ್ಧದ ನಂತರ ವಸತಿ ಹೋರಾಟಗಳೂ ಇಲ್ಲಿ ಬೆಳೆದವು. ಅಂದರೆ ಆ ರಸ್ತೆಯ ಕಥೆ ಕೊಲೋಸಿಯಮ್ ಹತ್ತಿರ ಮುಗಿಯುವುದಿಲ್ಲ, ನಗರದ ಅಂಚಿನವರೆಗೂ ಹೋಗುತ್ತದೆ.

ಗೋಡೆಯ ಮೇಲಿನ ನಕಾಶೆಗಳು

ಅದೇ ರಸ್ತೆಯಲ್ಲಿ, ಮ್ಯಾಕ್ಸೆಂಟಿಯಸ್ ಬೆಸಿಲಿಕಾದ ಹೊರಗೋಡೆಯ ಮೇಲೆ, 1934ರಲ್ಲಿ ನಾಲ್ಕು ಕಲ್ಲಿನ ನಕಾಶೆಗಳನ್ನು ಕೂರಿಸಿದರು. ಮೊದಲನೆಯದರಲ್ಲಿ ರೋಮ್ ಒಂದು ಬಿಳಿ ಚುಕ್ಕೆ. ನಾಲ್ಕನೆಯದರಲ್ಲಿ, ಟ್ರಾಜನ್ ಕಾಲಕ್ಕೆ, ಬ್ರಿಟನ್‌ನಿಂದ ಮೆಸೊಪೊಟೇಮಿಯಾವರೆಗೆ ಬಿಳಿ ಹರಡಿದೆ. 1936ರಲ್ಲಿ ಐದನೇ ನಕಾಶೆ ಬಂತು. ಅದು ಮುಸ್ಸೊಲಿನಿಯ ಸಾಮ್ರಾಜ್ಯ: ಇಟಲಿ, ಲಿಬಿಯಾ, ಎರಿಟ್ರಿಯಾ, ಸೊಮಾಲಿಯಾ, ಆಗಷ್ಟೇ ವಿಷಾನಿಲ ಬಳಸಿ ಗೆದ್ದಿದ್ದ ಇಥಿಯೋಪಿಯಾ. ನಾಲ್ಕು ನೋಡಿದವರಿಗೆ ಐದನೆಯದು ಸಹಜ ಮುಂದುವರಿಕೆ ಅನ್ನಿಸಬೇಕು, ಅಷ್ಟೇ ಲೆಕ್ಕಾಚಾರ. ಯುದ್ಧದ ನಂತರ ಐದನೆಯದನ್ನು ತೆಗೆದರು. ಉಳಿದ ನಾಲ್ಕು ಈಗಲೂ ಅಲ್ಲೇ ಇವೆ, ಪ್ರವಾಸಿಗಳು ಫೋಟೊ ತೆಗೆದುಕೊಳ್ಳುತ್ತಾರೆ.

ಆ ನಕಾಶೆಗಳ ತರ್ಕ ಎಷ್ಟು ಕಿರಿದು ಅನ್ನುವುದಕ್ಕೆ ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯೇ ಸಾಕ್ಷಿ. ಅಲ್ಲಿನ ಉತ್ಖನನಗಳಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯಲ್ಲೂ ಅಗೆದಾಗ ಅಗಸ್ಟಸ್‌ನ ಉತ್ತರಾಧಿಕಾರಿ ಟೈಬೀರಿಯಸ್‌ನ ನಾಣ್ಯ ಆ ಕಾಲದ ಪದರವನ್ನು ಗುರುತಿಸಲು ನೆರವಾಯಿತು. ಆ ನಾಣ್ಯದ ಹಿಂದೆ ಯಾವ ರೋಮನ್ ಸೈನ್ಯವೂ ಇಲ್ಲಿಗೆ ಬರಲಿಲ್ಲ. ಅದನ್ನು ತಂದಿದ್ದು ವ್ಯಾಪಾರ. ಗೆದ್ದ ನೆಲಕ್ಕೆ ಮಾತ್ರ ಬಿಳಿ ಬಣ್ಣ ಬಳಿಯುವ ನಕಾಶೆಯಲ್ಲಿ ಇಂಥ ಸಂಬಂಧಕ್ಕೆ ಜಾಗವೇ ಇಲ್ಲ.

ಅಗಸ್ಟಸ್ ಸಮಾಧಿ ಮತ್ತು ಶಾಂತಿಯ ಬಲಿಪೀಠ

ಮೊದಲ ಸಾಮ್ರಾಟ ಅಗಸ್ಟಸ್ ತನ್ನ ದುಂಡಗಿನ ಸಮಾಧಿಯನ್ನು ಕ್ರಿ.ಪೂ. 28ರಲ್ಲಿ ಶುರುಮಾಡಿದ. ಕ್ರಿ.ಶ. 14ರಲ್ಲಿ ಅಲ್ಲೇ ಅವನ ಚಿತಾಭಸ್ಮ ಇಟ್ಟರು. ಆಮೇಲೆ ಆ ಕಟ್ಟಡ ಕೋಟೆಯಾಗಿ, ತೋಟವಾಗಿ, ಗೂಳಿ ಕಾಳಗದ ಕಣವಾಗಿ ಬದುಕಿತು. 20ನೇ ಶತಮಾನದ ಹೊತ್ತಿಗೆ ಅದು ‘ಆಗುಸ್ತೇವೊ’ ಎಂಬ ಸಂಗೀತ ಸಭಾಂಗಣ. ಕೇಳುಗರು ಮೆಚ್ಚಿಕೊಂಡಿದ್ದ ಜಾಗ. 1934ರ ಅಕ್ಟೋಬರ್‌ನಲ್ಲಿ ಮುಸ್ಸೊಲಿನಿ ಸುತ್ತಲಿನ ಮನೆಗಳ ಮಾಡಿನ ಮೇಲೆ ನಿಂತು ಪಿಕಾಸಿ ಬೀಸಿ ಕೆಡವುವ ಕೆಲಸಕ್ಕೆ ಚಾಲನೆ ಕೊಟ್ಟ. ಕ್ಯಾಮೆರಾಗಳು ಸಿದ್ಧವಾಗಿದ್ದವು. 1936ರಲ್ಲಿ ಕೊನೆಯ ಕಛೇರಿ ನಡೆದು ಸಭಾಂಗಣವೂ ಹೋಯಿತು.

ಕಾರಣ, 1937ರ ಸೆಪ್ಟೆಂಬರ್ 23ಕ್ಕೆ ಅಗಸ್ಟಸ್ ಹುಟ್ಟಿ ಎರಡು ಸಾವಿರ ವರ್ಷ. ಆ ದಿನ ರೋಮ್‌ನಲ್ಲಿ ಅಗಸ್ಟಸ್ ಕುರಿತ ಭಾರೀ ಪ್ರದರ್ಶನ ಶುರುವಾಗಿ ಒಂದು ವರ್ಷ ನಡೆಯಿತು. ಅದರ ಮುಕ್ತಾಯಕ್ಕೆ ಬೇಕಾಗಿದ್ದ ರತ್ನ ‘ಆರಾ ಪಾಚಿಸ್’, ಅಂದರೆ ಶಾಂತಿಯ ಬಲಿಪೀಠ. ಕ್ರಿ.ಪೂ. 9ರಲ್ಲಿ ಪ್ರತಿಷ್ಠಾಪನೆಯಾದ ಇದರ ಚೂರುಗಳು 16ನೇ ಶತಮಾನದಿಂದಲೇ ಸಿಗುತ್ತಿದ್ದವು. ಉಳಿದಿದ್ದು ಒಂದು ಹಳೆಯ ಅರಮನೆಯ ಅಡಿಪಾಯದ ಕೆಳಗೆ, ನೀರು ತುಂಬಿದ ಮಣ್ಣಿನಲ್ಲಿ ಹೂತಿತ್ತು. 1937–38ರಲ್ಲಿ ಎಂಜಿನಿಯರುಗಳು ಸುತ್ತಲೂ ಕೊಳವೆ ಇಳಿಸಿ, ಮಣ್ಣನ್ನೇ ಹೆಪ್ಪುಗಟ್ಟಿಸಿ, ಕಟ್ಟಡ ಬೀಳದಂತೆ ಕಲ್ಲುಗಳನ್ನು ಹೊರತೆಗೆದರು. ತಾಂತ್ರಿಕವಾಗಿ ಅದ್ಭುತ ಸಾಧನೆ, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಬಲಿಪೀಠವನ್ನು ಅದರ ಮೂಲ ಜಾಗದಲ್ಲಿ ಇಡಲಿಲ್ಲ. ಅಗಸ್ಟಸ್ ಸಮಾಧಿಯ ಪಕ್ಕ ಹೊಸದಾಗಿ ಜೋಡಿಸಿ, 1938ರ ಸೆಪ್ಟೆಂಬರ್ 23ರಂದು ಉದ್ಘಾಟಿಸಿದರು.

ಅದೇ ಸೆಪ್ಟೆಂಬರ್ 5ರ ಸುಗ್ರೀವಾಜ್ಞೆಯ ಮೂಲಕ ಯಹೂದಿ ಮಕ್ಕಳನ್ನೂ ಶಿಕ್ಷಕರನ್ನೂ ಇಟಲಿಯ ಶಾಲೆಗಳಿಂದ ಹೊರಹಾಕಲಾಗಿತ್ತು. ಹದಿನೆಂಟು ದಿನಗಳ ಅಂತರ. ಶಾಂತಿಯ ಬಲಿಪೀಠದ ಉದ್ಘಾಟನೆಯನ್ನು ಈ ದಿನಾಂಕದ ಪಕ್ಕ ಇಟ್ಟು ಓದದಿದ್ದರೆ ನಮಗೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಯಹೂದಿಗಳ ಸ್ಮೃತಿಯ ಮೇಲೆ ಕೈ ಇಟ್ಟಿದ್ದು ಅದೇ ಮೊದಲಲ್ಲ. ಸರ್ಕಸ್ ಮ್ಯಾಕ್ಸಿಮಸ್ ಎದುರಿನ ಇಳಿಜಾರಿನಲ್ಲಿ 1645ರಿಂದ ಇದ್ದ ಯಹೂದಿ ಸ್ಮಶಾನವನ್ನು 1934ರಲ್ಲಿ ತೆರವು ಮಾಡಿದ್ದರು. ಈಗ ಅಲ್ಲಿ ನಗರಸಭೆಯ ಗುಲಾಬಿ ತೋಟವಿದೆ. ಅದರ ಕಾಲುದಾರಿಗಳನ್ನು ಯಹೂದಿಗಳ ಏಳು ಕವಲಿನ ದೀಪಸ್ತಂಭದ ಆಕಾರದಲ್ಲಿ ಹಾಕಿದ್ದಾರೆ.

ಲಾರ್ಗೊ ಅರ್ಜೆಂಟೀನಾ: ಉಳಿಸಿದ್ದೂ ಹೌದು, ಒಡೆದಿದ್ದೂ ಹೌದು

ಎಲ್ಲವನ್ನೂ ಕಪ್ಪು-ಬಿಳುಪಾಗಿ ನೋಡಿದರೆ ನಾವೂ ಅದೇ ನಕಾಶೆ ಬರೆದಂತಾಗುತ್ತದೆ. 1926ರಲ್ಲಿ ಈ ಚೌಕದಲ್ಲಿ ಹೊಸ ಕಟ್ಟಡಗಳಿಗಾಗಿ ಹಳೆಯದನ್ನು ಕೆಡವುವಾಗ ರೋಮನ್ ಗಣರಾಜ್ಯ ಕಾಲದ ನಾಲ್ಕು ದೇವಾಲಯಗಳು ಸಿಕ್ಕವು. ಬಿಲ್ಡರ್‌ಗಳ ಯೋಜನೆ ನಿಲ್ಲಿಸಿ ಆ ಜಾಗವನ್ನು ಉಳಿಸಿದ್ದು ಮುಸ್ಸೊಲಿನಿಯ ಆಡಳಿತವೇ. ಇಲ್ಲದಿದ್ದರೆ ಇವತ್ತು ಅಲ್ಲಿ ಆಫೀಸು ಕಟ್ಟಡ ಇರುತ್ತಿತ್ತು. ಕ್ರಿ.ಪೂ. 44ರ ಮಾರ್ಚ್ 15ರಂದು ಜೂಲಿಯಸ್ ಸೀಸರ್‌ನನ್ನು ಇರಿದು ಕೊಂದ ಪಾಂಪೆಯ ಸಭಾಭವನದ ಒಂದು ಭಾಗವೂ ಈ ದೇವಾಲಯಗಳ ಹಿಂದೆಯೇ ಇದೆ.

ಆದರೆ ಉದ್ಘಾಟನೆಗೆ ಆರಿಸಿದ ದಿನ 1929ರ ಏಪ್ರಿಲ್ 21. ಮತ್ತೆ ಅದೇ ರೋಮ್ ಹುಟ್ಟುಹಬ್ಬ, ಮತ್ತೆ ಅದೇ ಅವಸರ. ಒಂದು ದೇವಾಲಯದೊಳಗೆ ಕಟ್ಟಿದ್ದ ಮಧ್ಯಯುಗದ ಚರ್ಚನ್ನು ಬಹುಪಾಲು ತೆಗೆದುಹಾಕಿದರು. ಅದರ ಒಂದಿಷ್ಟು ಗೋಡೆ ಮಾತ್ರ ಉಳಿದಿದೆ. ದಶಕಗಳ ಕಾಲ ಜನ ಮೇಲಿನ ಬೀದಿಯಲ್ಲಿ ನಿಂತು ಕೆಳಗಿನ ಕಲ್ಲುಗಳನ್ನೂ ಅಲ್ಲಿ ಓಡಾಡುವ ಬೆಕ್ಕುಗಳನ್ನೂ ನೋಡುತ್ತಿದ್ದರು. 2023ರ ಜೂನ್‌ನಲ್ಲಿ ಕಾಲುದಾರಿ ನಿರ್ಮಿಸಿ ಒಳಗೆ ನಡೆದಾಡಲು ಬಿಟ್ಟರು.

ಲಿಬಿಯಾ: ‘ನಮ್ಮ ಅಜ್ಜಂದಿರ ನೆಲ’ ಎಂಬ ವಾದ

1911ರಲ್ಲಿ ಇಟಲಿ ಲಿಬಿಯಾದ ಮೇಲೆ ದಾಳಿ ಮಾಡಿತು. ಆಕ್ರಮಣವನ್ನು ಸಮರ್ಥಿಸಿಕೊಂಡಿದ್ದು ರೋಮನ್ ಅವಶೇಷಗಳನ್ನು ತೋರಿಸಿ. ಇಲ್ಲಿ ರೋಮನ್ನರು ಇದ್ದರು, ಹಾಗಾಗಿ ನಾವು ಆಕ್ರಮಣಕಾರರಲ್ಲ, ವಾಪಸ್ ಬರುತ್ತಿರುವವರು ಅನ್ನುವ ವಾದ. ಸೈನ್ಯದ ಹಿಂದೆಯೇ ಪುರಾತತ್ವಜ್ಞರು ಹೋದರು. ಲೆಪ್ಟಿಸ್ ಮ್ಯಾಗ್ನಾ, ಸಬ್ರಾತಾ, ಸೈರೀನ್‌ಗಳನ್ನು ಅಗೆದು, ಕಂಬ ನಿಲ್ಲಿಸಿ, ಕಣ್ಣು ಕುಕ್ಕುವಂತೆ ಮಾಡಿದರು. ನಂತರದ ಇಸ್ಲಾಮಿಕ್ ಕಾಲದ ಪದರಗಳಿಗೆ ಸಿಕ್ಕ ಗಮನ ಕಡಿಮೆ.

ಅದೇ ವರ್ಷಗಳಲ್ಲಿ ಲಿಬಿಯಾದ ಪೂರ್ವ ಭಾಗದಲ್ಲಿ ಪ್ರತಿರೋಧವನ್ನು ಮುರಿಯಲು ಸುಮಾರು 1 ಲಕ್ಷ ಜನರನ್ನು ಶಿಬಿರಗಳಿಗೆ ತಳ್ಳಿದರು. ಸಾವಿರಾರು ಜನ ಹಸಿವು, ರೋಗದಿಂದ ಸತ್ತರು. ಪ್ರತಿರೋಧದ ನಾಯಕ, ಎಪ್ಪತ್ತು ದಾಟಿದ್ದ ಒಮರ್ ಮುಖ್ತಾರ್‌ನನ್ನು 1931ರ ಸೆಪ್ಟೆಂಬರ್ 16ರಂದು ಗಲ್ಲಿಗೇರಿಸಿದರು.

ತಮಾಷೆ ಅಂದರೆ, ಆ ಅವಶೇಷಗಳೇ ಆ ವಾದವನ್ನು ಸುಳ್ಳು ಮಾಡುತ್ತವೆ. ಲೆಪ್ಟಿಸ್‌ನ ಸುಂದರ ರಂಗಮಂದಿರಕ್ಕೆ ಹಣ ಕೊಟ್ಟವನು ಅನ್ನೊಬಾಲ್ ತಪಾಪಿಯಸ್ ರೂಫಸ್. ಹೆಸರೇ ಹೇಳುವಂತೆ ಸ್ಥಳೀಯ ಪ್ಯೂನಿಕ್ ಮೂಲದವನು. ಅವನು ಹಾಕಿಸಿದ ಶಾಸನ ಎರಡು ಭಾಷೆಯಲ್ಲಿದೆ: ಲ್ಯಾಟಿನ್ ಮತ್ತು ಪ್ಯೂನಿಕ್. ಅದೇ ಊರಲ್ಲಿ ಹುಟ್ಟಿದ ಸೆಪ್ಟಿಮಿಯಸ್ ಸೆವೆರಸ್ ಕ್ರಿ.ಶ. 193ರಲ್ಲಿ ರೋಮ್‌ನ ಸಾಮ್ರಾಟನಾದ. ಆಫ್ರಿಕಾದವನು ರೋಮ್ ಆಳಿದ್ದಕ್ಕೆ ಪುರಾವೆಯಾದ ಊರನ್ನು, ರೋಮ್‌ನವರು ಆಫ್ರಿಕಾ ಆಳುವುದಕ್ಕೆ ಪುರಾವೆ ಅಂತ ತೋರಿಸಿದರು!

ಸೈರೀನ್‌ನಲ್ಲಿ 1913ರಲ್ಲಿ ಸಿಕ್ಕ ವೀನಸ್ ಪ್ರತಿಮೆಯನ್ನು ರೋಮ್‌ಗೆ ಸಾಗಿಸಿದ್ದರು. ಲಿಬಿಯಾ ಅದನ್ನು ವಾಪಸ್ ಕೇಳಿತು. ಕೊಡಬಾರದು ಅಂತ ಇಟಲಿಯ ಒಂದು ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿತು, ಸೋತಿತು. 2008ರಲ್ಲಿ ಪ್ರತಿಮೆ ಮರಳಿತು. ಇಥಿಯೋಪಿಯಾದ ಆಕ್ಸುಮ್‌ನಿಂದ 1937ರಲ್ಲಿ ಹೊತ್ತು ತಂದು ಸರ್ಕಸ್ ಮ್ಯಾಕ್ಸಿಮಸ್ ಪಕ್ಕ ನಿಲ್ಲಿಸಿದ್ದ ಬೃಹತ್ ಕಲ್ಲುಸ್ತಂಭ 2005ರಲ್ಲಿ ಹಿಂದಿರುಗಿತು, 2008ರಲ್ಲಿ ತನ್ನ ಜಾಗದಲ್ಲಿ ಮತ್ತೆ ನಿಂತಿತು.

ಬೇರೆ ರೀತಿಯಲ್ಲಿ ಅಗೆಯಬಹುದು

1938ರ ಮೇ ತಿಂಗಳಲ್ಲಿ ಹಿಟ್ಲರ್ ರೋಮ್‌ಗೆ ಬಂದಾಗ ಅವನಿಗೂ ಮುಸ್ಸೊಲಿನಿಗೂ ಸ್ಮಾರಕಗಳನ್ನು ವಿವರಿಸಿದವರು ರನೂಚ್ಚೊ ಬಿಯಾಂಕಿ ಬಂದಿನೆಲ್ಲಿ. ಜರ್ಮನ್ ಬಲ್ಲ, ಒಳಗೊಳಗೆ ಫ್ಯಾಸಿಸಂ ವಿರೋಧಿಯಾಗಿದ್ದ ಪುರಾತತ್ವಜ್ಞ. ಯುದ್ಧದ ನಂತರ ಅವರು ಕಮ್ಯುನಿಸ್ಟ್ ಆದರು, ಇಟಲಿಯ ಪುರಾತನ ವಸ್ತು ಮತ್ತು ಲಲಿತಕಲೆಗಳ ಇಲಾಖೆಯ ಮುಖ್ಯಸ್ಥರಾದರು. ರೋಮನ್ ಕಲೆ ಎಂದರೆ ಸಾಮ್ರಾಟರ ಕಲೆ ಮಾತ್ರವಲ್ಲ, ಬಿಡುಗಡೆಯಾದ ಗುಲಾಮರು, ಸಣ್ಣ ವ್ಯಾಪಾರಿಗಳು ತಮ್ಮ ಗೋರಿಗಳ ಮೇಲೆ ಕೆತ್ತಿಸಿದ್ದೂ ಅಷ್ಟೇ ಮುಖ್ಯ ಅಂತ ವಾದಿಸಿದರು. ಅವರ ಶಿಷ್ಯ ಆಂದ್ರೆಯಾ ಕರಾಂದೀನಿ 1970ರ ದಶಕದಲ್ಲಿ ಟಸ್ಕನಿಯ ಸೆತ್ತೆಫಿನೆಸ್ತ್ರೆಯಲ್ಲಿ ಅಗೆದಿದ್ದು ಗುಲಾಮರ ದುಡಿಮೆಯ ಮೇಲೆ ನಿಂತ ಒಂದು ಕೃಷಿ ಎಸ್ಟೇಟನ್ನು. ಪ್ರಶ್ನೆ ಬದಲಾದಾಗ ಅಗೆಯುವ ಜಾಗವೂ ಬದಲಾಯಿತು.

ನನ್ನ ಪ್ರಕಾರ ಈ ಬೇರೆ ದಾರಿ ತೋರಿಸುವ ನಾಲ್ಕು ಜಾಗಗಳು ಇವು:

ಟೈಟಸ್ ವಿಜಯ ಕಮಾನು. ಕ್ರಿ.ಶ. 70ರಲ್ಲಿ ಜೆರುಸಲೇಮ್ ಲೂಟಿ ಮಾಡಿದ್ದನ್ನು ಇದರ ಒಳಗೋಡೆಯಲ್ಲಿ ಕೆತ್ತಿದ್ದಾರೆ. 19ನೇ ಶತಮಾನದ ಆರಂಭದಲ್ಲಿ ಇದನ್ನು ದುರಸ್ತಿ ಮಾಡಿದಾಗ ಹೊಸ ಭಾಗಗಳನ್ನು ಬೇಕೆಂದೇ ಬೇರೆ ಕಲ್ಲಿನಲ್ಲಿ, ಟ್ರಾವರ್ಟೈನ್‌ನಲ್ಲಿ ಮಾಡಿದರು. ಹಳೆಯದು ಅಮೃತಶಿಲೆ. ಎಲ್ಲಿ ಹಳೆಯದು ಮುಗಿದು ಹೊಸದು ಶುರುವಾಗುತ್ತದೆ ಅಂತ ಬರಿಗಣ್ಣಿಗೆ ಗೊತ್ತಾಗುತ್ತದೆ.

ಮೊಂತೆ ತೆಸ್ತಾಚ್ಚೊ. ಸುಮಾರು 35 ಮೀಟರ್ ಎತ್ತರದ ಈ ಗುಡ್ಡ ಪೂರ್ತಿ ಒಡೆದ ಎಣ್ಣೆ ಜಾಡಿಗಳದ್ದು. 5 ಕೋಟಿಗೂ ಹೆಚ್ಚು ಜಾಡಿಗಳು ಎಂಬ ಅಂದಾಜಿದೆ. ಬಹುಪಾಲು ಇಂದಿನ ಸ್ಪೇನ್‌ನ ದಕ್ಷಿಣ ಭಾಗದಿಂದ ಬಂದ ಆಲಿವ್ ಎಣ್ಣೆಯವು. ಜಾಡಿಗಳ ಮೇಲೆ ತೂಕ, ವ್ಯಾಪಾರಿಯ ಹೆಸರು, ತಪಾಸಣೆಯ ವಿವರ ಬರೆದಿದ್ದಾರೆ. ರೋಮ್‌ನ ಹೊಟ್ಟೆ ತುಂಬುತ್ತಿದ್ದುದು ಹೇಗೆ ಅನ್ನುವ ಲೆಕ್ಕಪುಸ್ತಕ ಇದು.

ಕ್ರಿಪ್ತಾ ಬಾಲ್ಬಿ. 1981ರಲ್ಲಿ ಶುರುವಾದ ಇಲ್ಲಿನ ಉತ್ಖನನ ಯಾವ ಪದರವನ್ನೂ ಬಿಸಾಡಲಿಲ್ಲ. ಕ್ರಿ.ಪೂ. 13ರ ರಂಗಮಂದಿರಕ್ಕೆ ಸೇರಿದ ಅಂಗಳ, ಅದರ ಮೇಲೆ ಸುಣ್ಣದ ಗೂಡು, ಮಠ, 16ನೇ ಶತಮಾನದಲ್ಲಿ ಬಡ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಆಶ್ರಯಧಾಮ. 7ನೇ ಶತಮಾನದ ಒಂದು ತಿಪ್ಪೆಯಲ್ಲಿ ಮೆಡಿಟರೇನಿಯನ್‌ನ ನಾನಾ ಕಡೆಯ ಮಡಕೆಗಳು, ಕಾರ್ಖಾನೆಯ ತ್ಯಾಜ್ಯ ಸಿಕ್ಕಿದವು. ಮುಸ್ಸೊಲಿನಿ ‘ಅವನತಿ’ ಅಂದ ಕಾಲದಲ್ಲಿ ರೋಮ್ ದುಡಿಯುತ್ತಿತ್ತು, ವ್ಯಾಪಾರ ಮಾಡುತ್ತಿತ್ತು. ಒಂದು ತಿಪ್ಪೆಗುಂಡಿಯನ್ನು ತಾಳ್ಮೆಯಿಂದ ಅಗೆದಿದ್ದರಿಂದ ಇದು ಗೊತ್ತಾಯಿತು.

ಚಿವಿತಾ ಜೂಲಿಯಾನಾ. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಪಾಂಪೇಯಿಯ ಹೊರಗಿನ ಒಂದು ಬಂಗಲೆ. 2021ರಲ್ಲಿ ಇಲ್ಲಿ ಗುಲಾಮರದ್ದು ಎನ್ನಲಾದ ಸುಮಾರು 16 ಚದರ ಮೀಟರ್‌ನ ಕೋಣೆ ಸಿಕ್ಕಿತು. ಮೂರು ಮಂಚ. ಒಂದು ಮಗು ಮಲಗುವಷ್ಟು ಚಿಕ್ಕದು. ಅದೇ ಕೋಣೆ ಸಾಮಾನಿನ ಉಗ್ರಾಣ ಕೂಡ.

ರಸ್ತೆಯನ್ನು ಏನು ಮಾಡಬೇಕು?

1970ರ ದಶಕದ ಕೊನೆಯಲ್ಲಿ ಹೊಗೆಯಿಂದ ಸ್ಮಾರಕಗಳು ಸವೆಯುತ್ತಿರುವುದು ಕಂಡು ಪುರಾತತ್ವ ಅಧಿಕಾರಿ ಆದ್ರಿಯಾನೊ ಲಾ ರೆಜೀನಾ ಎಚ್ಚರಿಕೆ ಕೊಟ್ಟರು. ಪತ್ರಕರ್ತ ಆಂತೊನಿಯೊ ಚೆದೆರ್ನಾ ಮುಸ್ಸೊಲಿನಿಯ ನಗರ ಯೋಜನೆಯ ಬಗ್ಗೆ ಪುಸ್ತಕವನ್ನೇ ಬರೆದು, ರಸ್ತೆ ತೆಗೆದು ಇಡೀ ಪ್ರದೇಶವನ್ನು ಪಾರ್ಕ್ ಮಾಡಿ ಎಂದರು. ಕಮ್ಯುನಿಸ್ಟ್ ಮೇಯರ್ ಲುಯಿಜಿ ಪೆತ್ರೊಸೆಲ್ಲಿ ಆ ಕನಸನ್ನು ಕೈಗೆತ್ತಿಕೊಂಡರು. ಭಾನುವಾರ ವಾಹನ ನಿಲ್ಲಿಸಿ ಜನರಿಗೆ ರಸ್ತೆ ಬಿಟ್ಟುಕೊಟ್ಟರು. 1981ರಲ್ಲಿ ಅವರು ತೀರಿಕೊಂಡ ಮೇಲೆ ಯೋಜನೆಯ ಕಸುವು ಹೋಯಿತು. 2013ರಲ್ಲಿ ಮೇಯರ್ ಇಗ್ನಾತ್ಸಿಯೊ ಮರೀನೊ ಕೊಲೋಸಿಯಮ್ ಕಡೆಯ ಭಾಗದಲ್ಲಿ ಖಾಸಗಿ ವಾಹನ ನಿಷೇಧಿಸಿದರು. ಎರಡೂ ಬದಿಯಲ್ಲಿ ಉತ್ಖನನ ಮುಂದುವರಿದಿದೆ. ರಸ್ತೆ ಮಾತ್ರ ಇದ್ದಲ್ಲೇ ಇದೆ.

ಮತ್ತು ಪ್ರತಿವರ್ಷ ಜೂನ್ 2ರಂದು ಇಟಲಿ ತನ್ನ ಗಣರಾಜ್ಯ ದಿನದ ಸೈನಿಕ ಪರೇಡ್ ನಡೆಸುವುದು ಇದೇ ರಸ್ತೆಯಲ್ಲಿ. ಫ್ಯಾಸಿಸಂ ಸೋತ ಮೇಲೆ ಹುಟ್ಟಿದ ಗಣರಾಜ್ಯ, ಫ್ಯಾಸಿಸ್ಟರು ಪರೇಡ್‌ಗಾಗಿ ಕಡಿದ ದಾರಿಯಲ್ಲೇ ನಡೆಯುತ್ತದೆ.

ರಸ್ತೆ ಕಿತ್ತು ಹಾಕಬೇಕಾ? ಈಗ ಅದಕ್ಕೇ ತೊಂಬತ್ತು ದಾಟಿದೆ, ಅದೂ ಒಂದು ಪದರ. ಅದನ್ನು ಪೂರ್ತಿ ಅಳಿಸಿದರೆ, ನಡುವಿನದು ಬೇಡ ಅನ್ನುವ ಅದೇ ತರ್ಕವನ್ನು ನಾವೂ ಒಪ್ಪಿದಂತೆ. ಅಷ್ಟೇ ಅಲ್ಲ, ಸರ್ವಾಧಿಕಾರದ ಸಾಕ್ಷ್ಯವೂ ಹೋಗುತ್ತದೆ. ಹಾಗಾಗಿ ನಾನು ಪೂರ್ತಿ ತೆಗೆಯುವ ಪರ ಇಲ್ಲ. ಸಂಚಾರ ಪೂರ್ತಿ ನಿಲ್ಲಲಿ, ಕೆಲವೆಡೆ ತೆರೆದು ಕೆಳಗಿನ ಫೋರಮ್‌ಗಳನ್ನು ತೋರಿಸಲಿ. ಆದರೆ ಅಲೆಸ್ಸಾಂಡ್ರೀನೊ ಬಡಾವಣೆಯ ಬೀದಿಗಳ ಗುರುತು ಹಾಕಿ, ಇಲ್ಲಿದ್ದವರು ಯಾವ ಬೊರ್ಗಾತೆಗೆ ಹೋದರು ಅಂತ ಬರೆಯದೆ ಆ ಕೆಲಸ ಮುಗಿಯಬಾರದು. ನಾಲ್ಕು ನಕಾಶೆಗಳ ಪಕ್ಕ ಖಾಲಿ ಬಿಟ್ಟ ಜಾಗದಲ್ಲಿ ಐದನೆಯದರ ವಿವರ ಇರಲಿ.

ರೋಮ್‌ಗೆ ಹೋಗಲಿ ಬಿಡಲಿ, ಯಾವುದೇ ಪ್ರಾಚೀನ ಸ್ಮಾರಕದ ಮುಂದೆ ನಿಂತಾಗ ಕೇಳಬೇಕಾದ ಐದು ಪ್ರಶ್ನೆಗಳನ್ನು ಈ ಕಲ್ಲುಗಳೇ ಕಲಿಸುತ್ತವೆ:

1. ಅಗೆಯುವ ಮೊದಲು ಇಲ್ಲಿ ಯಾರಿದ್ದರು, ಈಗ ಎಲ್ಲಿದ್ದಾರೆ?
2. ಯಾವ ಕಾಲದ ಪದರ ಉಳಿಸಿದರು, ಯಾವುದನ್ನು ಮಣ್ಣು ಅಂತ ಎಸೆದರು?
3. ಹೊಸದಾಗಿ ಜೋಡಿಸಿದ್ದು ಹಳೆಯದರಿಂದ ಬೇರೆಯಾಗಿ ಕಾಣುತ್ತದಾ?
4. ಉದ್ಘಾಟನೆಗೆ ಆ ದಿನಾಂಕವನ್ನೇ ಯಾಕೆ ಆರಿಸಿದರು?
5. ಇದನ್ನು ಕಟ್ಟಿದ, ಇಲ್ಲಿ ದುಡಿದ ಜನರ ಕೋಣೆ ಎಲ್ಲಿದೆ?

ಫಲಕದಲ್ಲಿ ಈ ಐದಕ್ಕೆ ಉತ್ತರ ಇಲ್ಲದಿದ್ದರೆ, ಆ ಫಲಕವನ್ನು ಬರೆಸಿದವರು ಯಾರು ಅಂತ ಹುಡುಕುವುದರಿಂದ ಶುರುಮಾಡಿ.